ಗೋಡೆಗೆ ನೇತುಹಾಕಿದ ರಾಗಿ ಪುಸ್ತಕ

ಜೂನ್ ಎರಡನೇ ವಾರ. ನಾಲ್ಕನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದ. ಉಚ್ಚಾರ ಸ್ಪಷ್ಟ, ಒತ್ತಕ್ಷರಗಳಲ್ಲೂ ತಡವರಿಕೆ ಇಲ್ಲ. ಅವನು ಓದಿದ್ದು ಹೀಗೆ: "ಗಿಡಗಳು ಬೇರಿನ ಮೂಲಕ ನೀರನ್ನು ಚಿತ್ರ ಎರಡು ಬಿಳಲು ಬಿಟ್ಟ ಆಲದ ಮರ ಹೀರಿಕೊಳ್ಳುತ್ತವೆ." ಸಾಲಿನ ನಡುವೆ ಚಿತ್ರ ಬಂದಿತ್ತು, ಚಿತ್ರದ ಕೆಳಗೆ ಅದರ ವಿವರ ಇತ್ತು, ಅವನು ಅದನ್ನೂ ಸೇರಿಸಿಯೇ ಮುಂದೆ ಹೋದ. ತರಗತಿಯಲ್ಲಿ ಯಾರೂ ನಗಲಿಲ್ಲ, ಯಾರಿಗೂ ಅದು ತಪ್ಪು ಅನ್ನಿಸಲೂ ಇಲ್ಲ. ನನಗೆ ಚಿಂತೆ ಹತ್ತಿದ್ದು ಅಲ್ಲಿ.

ಮರುದಿನ ಒಂದು ಸಣ್ಣ ಪರೀಕ್ಷೆ ಮಾಡಿದೆ. "ಪುಸ್ತಕದಲ್ಲಿ ನೀರಿನ ಬಗ್ಗೆ ಪಾಠ ಎಲ್ಲಿದೆ, ಹುಡುಕಿ" ಅಂದೆ. ನಾಲ್ಕು ಮತ್ತು ಐದನೇ ತರಗತಿ ಸೇರಿ ಇಪ್ಪತ್ತೆರಡು ಮಕ್ಕಳು. ಹದಿನೇಳು ಮಕ್ಕಳು ಮೊದಲ ಪುಟದಿಂದ ಒಂದೊಂದೇ ಹಾಳೆ ತಿರುವುತ್ತಾ ಹೋದರು. ಪರಿವಿಡಿ ಅವರ ಬೆರಳಿನ ಕೆಳಗೇ ಹಾದುಹೋಯಿತು, ಅದನ್ನು ನೋಡಿದವರಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ಅವರು ಕಲಿತದ್ದು ನಲಿಕಲಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಪದ್ಧತಿ ಅದು. ಅಲ್ಲಿ ಕಲಿಕಾ ಏಣಿ ಇರುತ್ತದೆ, ಕಾರ್ಡುಗಳ ಮೇಲೆ ಲೋಗೋ ಇರುತ್ತದೆ. ಲೋಗೋ ನೋಡಿದರೆ ಏನು ಮಾಡಬೇಕು, ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು ಎಂದು ಮಗುವಿಗೆ ಗೊತ್ತಾಗುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಲೋಗೋ ಇಲ್ಲದ ದಪ್ಪ ಪುಸ್ತಕ ಕೈಗೆ ಬರುತ್ತದೆ. ಪುಸ್ತಕದಲ್ಲೂ ಗುರುತುಗಳಿವೆ: ಶೀರ್ಷಿಕೆ, ಉಪಶೀರ್ಷಿಕೆ, ದಪ್ಪಕ್ಷರ, ಚೌಕಟ್ಟು, ಚಿತ್ರದ ಅಡಿಬರಹ, ನಕ್ಷೆ, ಕೋಷ್ಟಕ. ಇವು ಕೂಡ ಒಂದು ಬಗೆಯ ಲೋಗೋಗಳೇ ಎಂದು ನಾವು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮೊದಲ ಪ್ರಯತ್ನ: ಒಂಬತ್ತು ಚಾರ್ಟುಗಳು

ಒಂದು ಭಾನುವಾರ ಪೂರ್ತಿ ಕೂತು ಒಂಬತ್ತು ಡ್ರಾಯಿಂಗ್ ಶೀಟಿನಲ್ಲಿ ಒಂಬತ್ತು ಚಾರ್ಟ್ ಬರೆದೆ. ಪ್ರತಿಯೊಂದರಲ್ಲೂ ಮೇಲೆ ಹೆಸರು, ಕೆಳಗೆ ಅದರ ಅರ್ಥ, ಪಕ್ಕದಲ್ಲೊಂದು ಮಾದರಿ. ನೋಡಲು ಚೆನ್ನಾಗಿಯೇ ಇತ್ತು. ಸುಣ್ಣ ಬಳಿದ ಗೋಡೆಗೆ ಗಮ್ ಟೇಪ್ ಹಚ್ಚಿ ಅಂಟಿಸಿದೆ. ಮೂರನೇ ದಿನಕ್ಕೆ ಟೇಪು ಸುಣ್ಣದ ಪುಡಿಯನ್ನೆಲ್ಲ ಕಿತ್ತುಕೊಂಡು ಉದುರಿತು. ಮೈದಾ ಗಂಜಿ ಕಾಯಿಸಿ ಅಂಟಿಸಿದೆ. ಅದು ನಿಂತಿತು, ಆದರೆ ಜುಲೈ ಮಳೆಗೆ ಗೋಡೆ ಒಳಗಿನಿಂದ ಒದ್ದೆಯಾಗಿ ಚಾರ್ಟುಗಳ ಹಿಂದೆ ಹಸಿರು ಬೂಷ್ಟು ಬಂತು.

ಅಂಟು ಹೋಗಿದ್ದು ದೊಡ್ಡ ನಷ್ಟವಲ್ಲ. ಮೂರು ವಾರ ಕಳೆದ ಮೇಲೆ ಕೇಳಿದರೆ ಮಕ್ಕಳು ಪಟಪಟನೆ ಹೇಳುತ್ತಿದ್ದರು: "ಪರಿವಿಡಿ ಎಂದರೆ ಪುಸ್ತಕದಲ್ಲಿರುವ ಪಾಠಗಳ ಪಟ್ಟಿ ಮಿಸ್." ಅದೇ ಬಾಯಿಪಾಠ ಒಪ್ಪಿಸಿದ ಹುಡುಗಿಗೆ "ಹಾಗಾದರೆ ಆಹಾರದ ಪಾಠ ತೆಗಿ" ಅಂದರೆ ಮತ್ತೆ ಒಂದನೇ ಪುಟದಿಂದ ಶುರು. ಚಾರ್ಟು ಅವಳಿಗೆ ಹೆಸರನ್ನು ಕೊಟ್ಟಿತ್ತು, ಅದರಿಂದ ಆಗುವ ಕೆಲಸವನ್ನು ಕೊಟ್ಟಿರಲಿಲ್ಲ. ಒಂಬತ್ತನ್ನೂ ಇಳಿಸಿದೆ. ಅವುಗಳ ಹಿಂಬದಿ ಆಮೇಲೆ ಕರಡು ಬರೆಯಲು ಬಂತು.

ಗೋಡೆಯೇ ಪುಟವಾದರೆ?

ಗೋಡೆಯ ಮೇಲೆ ಪುಸ್ತಕದ ಬಗ್ಗೆ ಬರೆಯುವ ಬದಲು ಗೋಡೆಯ ಮೇಲೆ ಒಂದು ಪುಸ್ತಕವನ್ನೇ ಬಿಚ್ಚಿಡಬೇಕು ಎಂದು ತೀರ್ಮಾನಿಸಿದೆ. ಮಕ್ಕಳು ಅದರ ಮುಂದೆ ನಡೆದಾಡಿ ಹುಡುಕಬೇಕು, ಸೇರಿಸಬೇಕು, ಬದಲಿಸಬೇಕು. ವಿಷಯ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ನಮ್ಮದು ತುಮಕೂರು ಕಡೆಯ ಊರು, ಶಾಲೆಯ ಕಾಂಪೌಂಡಿನ ಆಚೆ ರಾಗಿ ಹೊಲ, ಮಧ್ಯಾಹ್ನದ ಮಾತೆಲ್ಲ ಮಳೆ ಮತ್ತು ಬಿತ್ತನೆಯದೇ. ಅಪರಿಚಿತ ವಿಷಯ ಇಟ್ಟರೆ ಮಗು ವಿಷಯದ ಜೊತೆಗೂ ಗುದ್ದಾಡಬೇಕು, ಪುಟದ ಜೊತೆಗೂ ಗುದ್ದಾಡಬೇಕು. ರಾಗಿಯಾದರೆ ವಿಷಯ ಗೊತ್ತು, ಪುಟವಷ್ಟೇ ಹೊಸದು.

ಕಾಗದಕ್ಕೆ ಬದಲಾಗಿ ಫ್ಲೆಕ್ಸ್ ಆರಿಸಿದೆ. ಊರಿನಲ್ಲಿ ಜಾತ್ರೆಗೆ, ಹುಟ್ಟುಹಬ್ಬಕ್ಕೆ ಕಟ್ಟಿದ ಹಳೆಯ ಬ್ಯಾನರುಗಳು ಕೇಳಿದರೆ ಸಿಗುತ್ತವೆ. ಆರು ಅಡಿ ಅಗಲ, ಐದು ಅಡಿ ಎತ್ತರದ ಎರಡು ಸಿಕ್ಕವು. ಹಿಂಬದಿ ಬೆಳ್ಳಗಿತ್ತು. ಸೋಪಿನ ನೀರಿನಲ್ಲಿ ತೊಳೆದು, ಸುರುಳಿ ಬಿಡಲೆಂದು ಬಿಸಿಲಿಗೆ ಹಾಸಿ ನಾಲ್ಕೂ ಮೂಲೆಗೆ ಕಲ್ಲು ಹೇರಿದೆವು. ಎರಡನ್ನೂ ಪಕ್ಕಪಕ್ಕ ಹಾಕಿದರೆ ಹನ್ನೆರಡು ಅಡಿಯ ತೆರೆದ ಪುಸ್ತಕ.

ಗೋಡೆಗೆ ನೇರವಾಗಿ ಹೊಡೆಯಲಿಲ್ಲ, ಬೂಷ್ಟಿನ ಪಾಠ ಮರೆತಿರಲಿಲ್ಲ. ಮೇಲೆ ಕೆಳಗೆ ರೀಪರ್ ಪಟ್ಟಿ ಕೊಟ್ಟು, ಫ್ಲೆಕ್ಸಿಗೂ ಗೋಡೆಗೂ ಒಂದು ಇಂಚು ಗಾಳಿಯಾಡುವ ಜಾಗ ಬಿಟ್ಟೆವು. ಬ್ಯಾನರಿನ ಅಂಚಿನಲ್ಲಿ ಮೊದಲೇ ಇದ್ದ ಲೋಹದ ಕಣ್ಣುಗಳಿಗೆ ಸುತಲಿ ದಾರ ಪೋಣಿಸಿ ಪಟ್ಟಿಗೆ ಬಿಗಿದೆವು. ಬೇಕೆಂದಾಗ ಬಿಚ್ಚಿ ಹೊರಗೆ ಹಾಸಿ ಒರೆಸಬಹುದು.

ಎತ್ತರದ ವಿಷಯದಲ್ಲಿ ಒಂದು ಮಾತು. ನಮ್ಮ ತರಗತಿಗಳಲ್ಲಿ ಪ್ರದರ್ಶನಕ್ಕಿಟ್ಟದ್ದೆಲ್ಲ ಹೆಚ್ಚುಕಡಿಮೆ ದೊಡ್ಡವರ ಕಣ್ಣಿನ ಎತ್ತರದಲ್ಲಿರುತ್ತದೆ, ಇನ್ನು ಕೆಲವು ಸೂರಿನ ಹತ್ತಿರ. ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಕಣ್ಣಿನ ನೇರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಹೆಚ್ಚಿನವು ನೆಲದಿಂದ ಮೂರೂಮುಕ್ಕಾಲು, ನಾಲ್ಕು ಅಡಿಗೆ ಬಂದವು. ಹಾಗಾಗಿ ಫ್ಲೆಕ್ಸಿನ ಕೆಳಅಂಚು ನೆಲದಿಂದ ಒಂದೂವರೆ ಅಡಿಗೆ ಬಂತು. ಮೇಲಿನ ಒಂದು ಅಡಿ ಶೀರ್ಷಿಕೆಗೆ, ಉಳಿದ ನಾಲ್ಕು ಅಡಿಯಲ್ಲಿ ಎರಡು ಸಾಲು, ಒಟ್ಟು ಎಂಟು ಮನೆ. ಪ್ರತಿ ಮನೆ ಮೂರು ಅಡಿ ಅಗಲ, ಎರಡು ಅಡಿ ಎತ್ತರ. ಒಂದು ಮನೆ ಒಂದು ಪುಟ.

ಅಕ್ಷರದ ಗಾತ್ರದಲ್ಲಿ ಎಡವಿದೆ. ಒಂದು ಇಂಚಿನ ಅಕ್ಷರ ಸಾಕು ಎಂದುಕೊಂಡು ಒಂದು ಪುಟ ಬರೆದೆ. ಹಿಂದಿನ ಸಾಲಿನಲ್ಲಿ ಕೂತ ಮಕ್ಕಳಿಗೆ "ಬಿತ್ತನೆ"ಯ ತ-ಒತ್ತು ಕೆಳಸಾಲಿನ ಗುಡಿಸಿಗೆ ತಾಗಿ ಎರಡೂ ಸೇರಿ ಒಂದು ಮುದ್ದೆಯಂತೆ ಕಾಣುತ್ತಿತ್ತು. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕು, ಮೇಲೂ ಬೇಕು. ಅಕ್ಷರವನ್ನು ಒಂದೂವರೆ ಇಂಚು ಮಾಡಿ, ಸಾಲುಗಳ ನಡುವೆ ಅಷ್ಟೇ ಜಾಗ ಖಾಲಿ ಬಿಟ್ಟೆ. ಉಪಶೀರ್ಷಿಕೆ ಮೂರು ಇಂಚು, ಮೇಲಿನ "ರಾಗಿ" ಒಂಬತ್ತು ಇಂಚು. ಇದರಿಂದ ಪ್ರತಿ ಪುಟದಲ್ಲಿ ಹಿಡಿಯುವ ಮಾತು ಕಡಿಮೆಯಾಯಿತು. ಅದು ಒಳ್ಳೆಯದೇ ಆಯಿತು.

ಫ್ಲೆಕ್ಸಿನ ಮೇಲೆ ಪೋಸ್ಟರ್ ಬಣ್ಣ ಒಣಗಿ ಸಿಪ್ಪೆಯಂತೆ ಏಳುತ್ತದೆ, ಫೆವಿಕಾಲ್ ಹಿಡಿಯುವುದಿಲ್ಲ. ಅಳಿಸದ ಮಾರ್ಕರ್ ಒಂದೇ ನಿಲ್ಲುತ್ತದೆ. ಬದಲಿಸಬೇಕಾದ ಚೀಟಿ, ಚಿತ್ರಗಳಿಗಾಗಿ ಟೈಲರ್ ಅಂಗಡಿಯಲ್ಲಿ ವೆಲ್ಕ್ರೋ ತುಂಡುಗಳನ್ನು ಫ್ಲೆಕ್ಸಿಗೇ ಹೊಲಿಸಿದೆ. ಖರ್ಚು: ರೀಪರ್ 240, ವೆಲ್ಕ್ರೋ 90, ಮಾರ್ಕರ್ 150, ಹೊಲಿಗೆ 60, ಡ್ರಾಯಿಂಗ್ ಶೀಟ್ 80, ಬಟ್ಟೆ ಕ್ಲಿಪ್ 60. ಒಟ್ಟು 680 ರೂಪಾಯಿ.

ಎರಡನೇ ಪುಟ: ಗಿಡದ ಭಾಗಗಳು

ಚಿತ್ರ ನಾನೇ ಬರೆದೆ: ಬೇರು, ದಂಟು, ಎಲೆ, ತೆನೆ. ಮಕ್ಕಳು ಹೆಸರಿನ ಚೀಟಿಯನ್ನು ಪಕ್ಕದಲ್ಲಿ ಅಂಟಿಸಿ, ಅಲ್ಲಿಂದ ಕೆಂಪು ಉಲ್ಲನ್ ದಾರ ಎಳೆದು ಆ ಭಾಗಕ್ಕೇ ಮುಟ್ಟಿಸಬೇಕು. ದಾರ ಗಾಳಿಯಲ್ಲಿ ನಿಂತರೆ ಲೆಕ್ಕಕ್ಕಿಲ್ಲ. ಐದನೇ ತರಗತಿಯ ಹುಡುಗನೊಬ್ಬ ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಮಿಸ್, ಗಿಣ್ಣೇ ಇಲ್ವಲ್ಲ" ಅಂದ. ನಿಜ, ದಂಟನ್ನು ನಾನು ನೇರ ಕೋಲಿನಂತೆ ಎಳೆದಿದ್ದೆ. ಮರುದಿನ ಅವನು ಹಿಂದಿನ ವರ್ಷದ ಒಣಗಿದ ತೆನೆಯೊಂದನ್ನು ದಂಟಿನ ಸಮೇತ ತಂದ. ಅದನ್ನು ನೋಡಿಕೊಂಡು ಗಿಣ್ಣು ಸೇರಿಸಿದೆವು. ತೆನೆಯ ಬೆರಳುಗಳಿಗೆ ಅವರ ತಾತ ಹೇಳುವ ಹೆಸರು "ಇಲುಕು" ಎಂದೂ ಅವನೇ ಹೇಳಿದ. ಆ ಚೀಟಿಯನ್ನು ಅವನ ಕೈಯಲ್ಲೇ ಬರೆಸಿದೆ.

ಮೂರನೇ ಪುಟ ಮತ್ತು ಅಕ್ಕಡಿ

ನನಗೆ ಅತ್ಯಂತ ಮುಖ್ಯವಾದ ಪುಟ ಇದು. ಆಲದ ಮರ ನೀರು ಹೀರಿದ ಪ್ರಸಂಗಕ್ಕೆ ಉತ್ತರ ಕೊಡಬೇಕಾಗಿದ್ದು ಇಲ್ಲಿ. ಬಿತ್ತನೆಯಿಂದ ಕಣದವರೆಗಿನ ಮುಖ್ಯ ಬರಹವನ್ನು ಕಪ್ಪು ಮಾರ್ಕರಿನಲ್ಲಿ ಬರೆದು, ನಡುವೆ ಬೇಕೆಂದೇ ಒಂದು ಚೌಕಟ್ಟು ಹಾಕಿ ಸಾಲನ್ನು ತುಂಡರಿಸಿದೆ. ಚೌಕಟ್ಟಿನೊಳಗಿನ ವಿಷಯ "ಅಕ್ಕಡಿ ಸಾಲು ಎಂದರೇನು?"

ಓದಲು ಹೇಳಿದೆ. ಎಂದಿನಂತೆ ಚೌಕಟ್ಟಿನೊಳಗೆ ನುಗ್ಗಿ ಆಚೆ ಬಂದರು. ತಡೆದು ಕೇಳಿದೆ: "ರಾಗಿ ಹೊಲದಲ್ಲಿ ಅವರೆ, ತೊಗರಿ, ಸಾಸಿವೆ ಹೇಗೆ ಹಾಕ್ತಾರೆ?"

"ಅಕ್ಕಡಿ ಹಾಕ್ತಾರೆ ಮಿಸ್. ಇಷ್ಟು ಸಾಲು ರಾಗಿ, ಆಮೇಲೆ ಒಂದು ಸಾಲು ಅವರೆ."

"ರಾಗಿ ಕುಯ್ಯೋವಾಗ ಅವರೆನೂ ಸೇರಿಸಿ ಕುಯ್ತಾರಾ?"

"ಇಲ್ಲ ಮಿಸ್! ಅದನ್ನ ಬಿಟ್ಟು ರಾಗಿ ಕುಯ್ಕೊಂಡು ಹೋಗ್ತಾರೆ. ಅವರೆ ಆಮೇಲೆ ಬಿಡಿಸ್ತಾರೆ."

"ಈ ಚೌಕ ಈ ಪುಟದ ಅಕ್ಕಡಿ" ಅಂದೆ. ಒಂದು ಕ್ಷಣ ಮೌನ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಬಂದು, ಚೌಕಟ್ಟಿನ ಮೇಲೆ ಅಂಗೈ ಮುಚ್ಚಿಟ್ಟು, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಸರಿಯಾಗಿ ದಾಟಿ ಓದಿದಳು. ಓದಿ ಮುಗಿಸಿ ಕೈ ತೆಗೆದು ಚೌಕಟ್ಟನ್ನು ಬೇರೆಯಾಗಿ ಓದಿದಳು. ಅಂದಿನಿಂದ ನಮ್ಮ ತರಗತಿಯಲ್ಲಿ ಪುಟದ ಚೌಕಟ್ಟಿಗೆ ಅಕ್ಕಡಿ ಎಂದೇ ಹೆಸರು. ವಿಜ್ಞಾನದ ಪುಸ್ತಕದಲ್ಲಾದರೂ ಸರಿ, "ಮಿಸ್, ಇಲ್ಲೊಂದು ಅಕ್ಕಡಿ ಇದೆ" ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಕಣ್ಣು ಸಾಲು ದಾಟುವುದನ್ನು ಕಲಿತಿತು. ನನಗೆ ಬೇಕಾಗಿದ್ದು ಅದು.

ಅದೇ ಪುಟದ ಕೆಳಗೆ ಕಾಲದ ಗೆರೆ. ಜುಲೈ ಎರಡನೇ ವಾರ ಶಾಲೆಯ ಕೈತೋಟದಲ್ಲಿ ಒಂದು ಮಡಿ ಜಿಪಿಯು-28 ರಾಗಿ ಹಾಕಿದ್ದೆವು. ಬಿತ್ತಿದ ಮೇಲೆ ಸುಮಾರು 110ರಿಂದ 115 ದಿನಕ್ಕೆ ಕೊಯ್ಲಿಗೆ ಬರುವ ತಳಿ. ಮೊಳಕೆ, ಕಳೆ ಕೀಳುವುದು, ಒಡೆ ಬರುವುದು (ತೆನೆ ಹೊರಡುವುದು), ಕಾಳು ಕಟ್ಟುವುದು ಎಂದು ಹೊಲದಲ್ಲಿ ಆದಂತೆಲ್ಲ ಗೋಡೆಯಲ್ಲಿ ಚೀಟಿ ಏರಬೇಕು. ಮೊದಲು ನಾನು ಸಮಾನ ಅಂತರದಲ್ಲಿ ಗುರುತು ಹಾಕಿದ್ದೆ. ಬಿತ್ತನೆಗೂ ಮೊಳಕೆಗೂ ಒಂದು ಗೇಣು, ಮೊಳಕೆಗೂ ಒಡೆಗೂ ಒಂದು ಗೇಣು. "ಮೊಳಕೆ ಬೇಗ ಬಂತಲ್ಲ ಮಿಸ್, ಒಡೆ ಬರೋಕೆ ಎಷ್ಟು ದಿನ ಆಯ್ತು!" ಎಂದು ಮಕ್ಕಳೇ ಒಪ್ಪಲಿಲ್ಲ. ಅಳಿಸಿ, ಒಂದು ದಿನಕ್ಕೆ ಅರ್ಧ ಸೆಂಟಿಮೀಟರ್ ಲೆಕ್ಕದಲ್ಲಿ 60 ಸೆಂಟಿಮೀಟರ್ ಗೆರೆ ಎಳೆದೆವು. ಅಳಿಸದ ಮಾರ್ಕರನ್ನು ಅಳಿಸಲು ಹಳ್ಳಿಯಲ್ಲಿ ಸುಲಭವಾಗಿ ಸಿಗುವುದು ಸ್ಯಾನಿಟೈಸರ್. ಹತ್ತಿಯಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ.

ಅಡಿಬರಹವನ್ನೂ ಇಲ್ಲೇ ಕಲಿತರು. ಒಡೆ ಬಂದ ಹೊಲದಲ್ಲಿ ನಿಂತ ಒಬ್ಬ ತಾತನ ಫೋಟೊ ತಂದು ಅಂಟಿಸಿ, ಕೆಳಗೆ ಏನು ಬರೆಯೋಣ ಎಂದು ಕೇಳಿದೆ. "ಇದು ರಾಗಿ ಹೊಲ." "ತಾತ ನಿಂತಿದ್ದಾರೆ." ಅದು ಚಿತ್ರ ನೋಡಿದರೇ ಗೊತ್ತಾಗುತ್ತದಲ್ಲ, ಚಿತ್ರ ಹೇಳದೇ ಇರುವುದನ್ನು ಹೇಳಿ ಅಂದೆ. ನಾಲ್ಕು ಸಲ ಬರೆದು ಹೊಡೆದು ಕೊನೆಗೆ ನಿಂತದ್ದು: "ಬಿತ್ತಿ 70 ದಿನಕ್ಕೆ ಒಡೆ ಬಂದ ರಾಗಿ. ತಾತನ ಸೊಂಟದೆತ್ತರಕ್ಕೆ ಬೆಳೆದಿದೆ." ಈ ಎರಡು ಸಾಲಿಗೆ ಒಂದು ಇಡೀ ಪೀರಿಯಡ್ ಹೋಯಿತು.

ನಕ್ಷೆಯ ಪುಟ ಬೇಗ ಮುಗಿಯಿತು. ತುಮಕೂರು, ಹಾಸನ, ಮಂಡ್ಯ, ಮೈಸೂರು, ಕೋಲಾರ, ಚಿಕ್ಕಬಳ್ಳಾಪುರ ಹೀಗೆ ರಾಗಿ ಬೆಳೆಯುವ ಜಿಲ್ಲೆಗಳಿಗೆ ಬಣ್ಣ ಹಾಕಿದೆವು. ಮೂಲೆಯಲ್ಲಿ ಬಣ್ಣದ ಅರ್ಥ ಹೇಳುವ ಸೂಚಿ ಹಾಕಲು ಮರೆತಿದ್ದರಿಂದ, ಬಣ್ಣ ಹಾಕಿದ ಕಡೆ ರಾಗಿ ಇಲ್ಲವೆಂದು ಒಬ್ಬ ತಿಳಿದ. ಸೂಚಿ ಹಾಕಿದೆವು.

ಇಲಿ ತಿಂದ ಐದನೇ ಪುಟ

ಕ್ಯಾಲ್ಸಿಯಂ ಎಷ್ಟಿದೆ ಎಂದು ಹೋಲಿಸುವ ಪುಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ, ಗೋಧಿಯಲ್ಲಿ ಸುಮಾರು 39, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 7.5. ಹತ್ತು ಮಿಲಿಗ್ರಾಮಿಗೆ ಒಂದು ಸೆಂಟಿಮೀಟರ್ ಎಂದರೆ ರಾಗಿಯ ಕಂಬ 36 ಸೆಂಟಿಮೀಟರ್, ಗೋಧಿಯದು 4, ಅಕ್ಕಿಯದು ಒಂದಕ್ಕೂ ಕಡಿಮೆ. ರಟ್ಟಿನ ಪಟ್ಟಿಗಳಿಗೆ ಫೆವಿಕಾಲ್ ಬಳಿದು ರಾಗಿ, ಗೋಧಿ, ಅಕ್ಕಿ ಕಾಳುಗಳನ್ನೇ ಅಂಟಿಸಿದೆವು. ನೋಡಿದವರೆಲ್ಲ ಮೆಚ್ಚಿದರು. ಸೋಮವಾರ ಬಾಗಿಲು ತೆರೆದಾಗ ರಾಗಿಯ ಕಂಬದಲ್ಲಿ ಕೆಳಗಿನ ಅರ್ಧ ಖಾಲಿ, ನೆಲದ ಮೇಲೆ ಸಿಪ್ಪೆ ಮತ್ತು ಇಲಿ ಹಿಕ್ಕೆ. ಇರುವೆ ಸಾಲು ಬೇರೆ. ಮಕ್ಕಳ ಎರಡು ದಿನದ ಕೆಲಸ, ಅವರ ಮುಖ ನೋಡಲಾಗಲಿಲ್ಲ. ಗೋಡೆಗೆ ಕಾಳು ಅಂಟಿಸುವ ಯೋಚನೆ ಇದ್ದವರು ದಯವಿಟ್ಟು ಕೈಬಿಡಿ. ಕಂಬಗಳನ್ನು ಕಂದು, ಹಳದಿ, ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದುಕೊಟ್ಟದ್ದು ಬಿಸಿಯೂಟದ ಅಕ್ಕ.

ಬಟ್ಟೆಯ ಕಂಬ ಏರಿದ ದಿನ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಿ ಎಲ್ಲಿ ಮಿಸ್?" ಬೆರಳುಗುರಿನಷ್ಟು ಬಿಳಿ ಚೂರನ್ನು ತೋರಿಸಿದೆ. ಅವಳು ಅದನ್ನೂ ರಾಗಿಯ ಕಂಬವನ್ನೂ ಎರಡು ಮೂರು ಸಲ ನೋಡಿದಳು. ಅಂಕಿಯಲ್ಲಿ 364 ಮತ್ತು 7.5 ಎಂದು ಮೊದಲೇ ಓದಿದ್ದಳು, ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ.

ಪದಸೂಚಿ ಮತ್ತು ಕಾಗುಣಿತ

ಏಳನೇ ಪುಟ ಪದಗಳ ಅರ್ಥ. ಮುಖ್ಯ ಬರಹದಲ್ಲಿ ದಪ್ಪಕ್ಷರದಲ್ಲಿರುವ ಪದ ಇಲ್ಲಿ ಇರಲೇಬೇಕು ಎಂಬ ಒಂದೇ ನಿಯಮ. ಅಲ್ಲಿಯವರೆಗೆ ದಪ್ಪಕ್ಷರ ಬಂದರೆ ದನಿ ಏರಿಸಿ ಓದುವುದೆಂದು ಮಕ್ಕಳು ತಿಳಿದಿದ್ದರು. ರೋಣಗಲ್ಲು ಯಾರಿಗೂ ಗೊತ್ತಿರಲಿಲ್ಲ, ಈಗ ಒಕ್ಕಣೆಗೆ ಮಿಷನ್ ಬರುತ್ತದೆ. ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬಂದು ಬರೆದರು: "ಕಣದಲ್ಲಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುವ ಉದ್ದ ಕಲ್ಲು."

ಎಂಟನೇ ಪುಟ ಪದಸೂಚಿ, ಅಂದರೆ ಯಾವ ಪದ ಎಷ್ಟನೇ ಪುಟದಲ್ಲಿದೆ ಎಂಬ ಪಟ್ಟಿ. ಅದಕ್ಕೆ ಹಗ್ಗ ಕಟ್ಟಿ, ಪದದ ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸುವಂತೆ ಮಾಡಿದೆ. ನಲಿಕಲಿ ಕೋಣೆಯಲ್ಲಿ ತಮ್ಮ ಕೆಲಸಗಳನ್ನು ತೂಗುಹಾಕುತ್ತಿದ್ದ ಚಪ್ಪರ ನೆನಪಾಗಿ ಮಕ್ಕಳಿಗೆ ಖುಷಿಯೋ ಖುಷಿ. ಅಕಾರಾದಿಯಾಗಿ ಜೋಡಿಸಬೇಕು. ವರ್ಣಮಾಲೆ ಎಲ್ಲರಿಗೂ ಬರುತ್ತದೆ, ಅ-ದಿಂದ ಅಕ್ಕಡಿ, ಇ-ಯಿಂದ ಇಲುಕು ಸಲೀಸಾಗಿ ಬಿದ್ದವು. ಕ-ಗೆ ಬಂದಾಗ ನಿಂತರು. ಕೂರಿಗೆ, ಕಣ, ಕ್ಯಾಲ್ಸಿಯಂ, ಕುಂಟೆ, ನಾಲ್ಕೂ ಕ. ಯಾವುದು ಮೊದಲು?

ನಾನು ಹೇಳಲಿಲ್ಲ. ಒಬ್ಬ ಹುಡುಗ ತುಟಿಯಲ್ಲೇ ಕ, ಕಾ, ಕಿ, ಕೀ, ಕು, ಕೂ ಎಂದು ಗೊಣಗುತ್ತಾ ಹಗ್ಗದ ಉದ್ದಕ್ಕೂ ಬೆರಳು ಸರಿಸಿದ. ಕಣ ಸಿಕ್ಕಿಸಿದ, ಕುಂಟೆ ಸಿಕ್ಕಿಸಿದ, ಕೂರಿಗೆ ಸಿಕ್ಕಿಸಿದ. ತಿರುಗಿ ನೋಡಿ "ಕಾಗುಣಿತ ಮಿಸ್!" ಅಂದ. ಎರಡು ವರ್ಷ ಬಾಯಿಪಾಠವಾಗಿ ಬಿದ್ದಿದ್ದ ಕಾಗುಣಿತ ಒಂದು ಕೆಲಸಕ್ಕೆ ಬರುತ್ತದೆಂದು ಅವನಿಗೆ ತಿಳಿದ ಗಳಿಗೆ ಅದು. ತ-ದಲ್ಲಿ ತೂರುವುದು ಮೊದಲು, ತೆನೆ ಆಮೇಲೆ, ಮ-ದಲ್ಲಿ ಮುದ್ದೆ ಮೊದಲು, ಮೆದೆ ಆಮೇಲೆ ಎಂದು ಉಳಿದವರೆಲ್ಲ ಕೂಗಿ ಹೇಳತೊಡಗಿದರು.

ಕ್ಯಾಲ್ಸಿಯಂ ಮಾತ್ರ ಕೈಯಲ್ಲೇ ಉಳಿಯಿತು. ಅದು ಕಾ-ದ ಜಾಗದಲ್ಲಿ ಬರಬೇಕೆಂದು ಕೆಲವರು, ಕೊನೆಗೆ ಎಂದು ಕೆಲವರು. ಶಾಲೆಯ ನಿಘಂಟು ತಂದು ಕೊಟ್ಟೆ. ಕೌ ಮುಗಿದ ಮೇಲೆ ಕ್ರಮ, ಕ್ಷಮೆ ಇವೆಲ್ಲ ಬಂದಿದ್ದನ್ನು ಅವರೇ ಕಂಡುಕೊಂಡರು. ಕ್ಯಾಲ್ಸಿಯಂ ಕೂರಿಗೆಯ ನಂತರ ಹೋಯಿತು.

ಚೀಟಿಗಳೆಲ್ಲ ಏರಿದ ಮೇಲೆ ಗೊತ್ತಾಯಿತು, ಮನೆಗಳಿಗೆ ಪುಟಸಂಖ್ಯೆಯನ್ನೇ ಹಾಕಿರಲಿಲ್ಲ. ಅಲ್ಲಿಯವರೆಗೆ ಎರಡನೇ ಪುಟ, ಮೂರನೇ ಪುಟ ಎಂದು ಬಾಯಲ್ಲಷ್ಟೇ ಹೇಳುತ್ತಿದ್ದೆವು. "ಗಿಣ್ಣು ಎಷ್ಟನೇ ಪುಟ ಅಂತ ಬರೀಲಿ ಮಿಸ್?" ಎಂದಾಗ ಎಲ್ಲರೂ ಗೋಡೆ ನೋಡಿದೆವು. ಅಂಕಿ ಬರೆದೆವು, ಪರಿವಿಡಿಗೂ ಹಾಕಿದೆವು. ನಾನು ಮೊದಲೇ ಹಾಕಿಟ್ಟಿದ್ದರೆ ಆ ಅಂಕಿಯನ್ನು ಅವರು ಗಮನಿಸುತ್ತಲೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಬಳಸಿದ ಬಗೆ, ರಿಪೇರಿ

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ. ಕರಿಹಲಗೆಯಲ್ಲಿ ಒಂದೇ ಪ್ರಶ್ನೆ: "ಮೆದೆ ಎಂದರೇನು? ಎಲ್ಲಿ ಹುಡುಕಿದೆ?" ಉತ್ತರದಷ್ಟೇ ಎರಡನೆಯದೂ ಮುಖ್ಯ. ಮಗು ಪದಸೂಚಿಯಿಂದ ಹೋಯಿತೋ, ಪದಗಳ ಅರ್ಥಕ್ಕೆ ನೇರ ಹೋಯಿತೋ, ಪರಿವಿಡಿ ಹಿಡಿಯಿತೋ ಎಂದು ಹೇಳಬೇಕು. ಶೀರ್ಷಿಕೆ, ಅಡಿಬರಹ ಎಂಬ ಹೆಸರುಗಳನ್ನು ಆಗಸ್ಟ್ ಕೊನೆಯವರೆಗೆ ನಾನು ಕಲಿಸಲೇ ಇಲ್ಲ. ದಾರಿ ಹೇಳಲು ಹೆಸರು ಬೇಕಾದಾಗ ತಾವಾಗಿಯೇ ಕೇಳಿ ತಿಳಿದುಕೊಂಡರು.

ಕೆಟ್ಟದ್ದೂ ಇದೆ. ಕೆಳಸಾಲಿನ ವೆಲ್ಕ್ರೋ ಸೆಪ್ಟೆಂಬರ್ ಹೊತ್ತಿಗೆ ದೂಳು ತುಂಬಿ ಹಿಡಿತ ಬಿಟ್ಟಿತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಸ್ವಲ್ಪ ದಿನ ಬರುತ್ತದೆ. ಎರಡು ಫ್ಲೆಕ್ಸ್ ಸೇರುವ ನಡುಭಾಗ ಗಾಳಿಗೆ ಪಟಪಟ ಬಡಿದು ಸೀಳಿತು, ಸೈಕಲ್ ಟ್ಯೂಬಿನ ಪಟ್ಟಿ ಇಟ್ಟು ಕೈಯಲ್ಲೇ ಹೊಲಿದೆವು. ಕಿಟಕಿ ಪಕ್ಕದ ನಕ್ಷೆಯ ಬಣ್ಣ ಬಿಸಿಲಿಗೆ ಮಾಸಿದೆ. ಮುಂದಿನ ಸಲ ನಕ್ಷೆಯನ್ನು ಒಳಬದಿಗೆ ಹಾಕುತ್ತೇನೆ.

ನವೆಂಬರ್ ಮೊದಲ ವಾರ ಕೈತೋಟದ ಮಡಿ ಕುಯ್ದೆವು. ಒಕ್ಕಿ ಕೇರಿದ ಮೇಲೆ ಮುಕ್ಕಾಲು ಸೇರು ಬಂತು. ಕಾಲದ ಗೆರೆಯ ಕೊನೆಯ ಚೀಟಿ ಏರಿತು.

ಅದೇ ವಾರ ಗ್ರಂಥಾಲಯದ ಪೀರಿಯಡ್ಡಿನಲ್ಲಿ ಹುಡುಗಿಯೊಬ್ಬಳು ತಿಮಿಂಗಿಲದ ಪುಸ್ತಕ ತೆಗೆದುಕೊಂಡಳು. ತೆರೆದದ್ದು ಕೊನೆಯ ಪುಟವನ್ನು. ಆಚೆ ಈಚೆ ತಿರುವಿ ನನ್ನ ಹತ್ತಿರ ಬಂದಳು.

"ಮಿಸ್, ಇದಕ್ಕೆ ಪದಸೂಚಿನೇ ಇಲ್ಲ. ತಿಮಿಂಗಿಲಕ್ಕೆ ಹಲ್ಲು ಇರ್ತಾವಾ ಅಂತ ನೋಡ್ಬೇಕಿತ್ತು."

"ನೀನೇ ಮಾಡು" ಅಂದೆ.

ಅವಳೂ ಪಕ್ಕದವಳೂ ಸೇರಿ ಮೂರು ದಿನ ತೆಗೆದುಕೊಂಡರು. ಹಳೆಯ ಚಾರ್ಟಿನ ಹಿಂಬದಿಯಿಂದ ಅಂಗೈಯಗಲದ ಚೀಟಿ ಕತ್ತರಿಸಿ, ಹದಿನಾಲ್ಕು ಪದ ಬರೆದು, ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ್ದಾರೆ. ಕೊನೆಯ ಸಾಲು: ಹಲ್ಲು 6, 11.